ಹದಿನಾಲ್ಕಕ್ಕೆ ಇಳಿಸಿದ ದೋಣಿ

ನೀಲಕಂಠಸ್ವಾಮಿಗೆ ತೇವದ ಮೀಟರು ಹಿಡಿಯಲು ಬರುತ್ತದೆಂಬ ಸಂಗತಿ ಮಾಲೀಕರ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಹಂಗಳದ ರೆಸಾರ್ಟಿನ ಗೇಟು ಕಾಯಲು ಬರುವ ಮುಂಚೆ ಅವನು ಗುಂಡ್ಲುಪೇಟೆಯ ಮಂಡಿಯಲ್ಲಿ ಎಂಟು ವರ್ಷ ಮುಸುಕಿನ ಜೋಳದ ತೇವ ಅಳೆದಿದ್ದ. ಶೇಕಡಾ ಹದಿನಾಲ್ಕರೊಳಗಿದ್ದರೆ ಪಾಸು, ಮೇಲಿದ್ದರೆ ಒಣಗಿಸಿ ತನ್ನಿ. ಇಷ್ಟೇ ಅವನ ವಿದ್ಯೆ.

ಮಾಲೀಕ ಸುನೀಲ್ ಕುಮಾರ್ ರೆಸಾರ್ಟಿನ ಕೊಳಕ್ಕೆಂದು ಕೇರಳದಿಂದ ಹಳೆಯ ಮರದ ಹಾಯಿದೋಣಿಯೊಂದನ್ನು ತರಿಸಿದ್ದರು. ಜತೆಗೆ ಮರದ ತೇವ ನೋಡುವ ಮೀಟರು, ಅದರದೊಂದು ಪುಸ್ತಕ.

"ಸ್ವಾಮಿ, ತಳ ಸರಿಯಾಗಿದ್ಯಾ ನೋಡಿಡಿ. ಸಾಯಂಕಾಲ ನೀರಿಗೆ ಬಿಡೋಣ. ಚೆನ್ನಾಗಿ ತೇಲಿದ್ರೆ ದೋಣಿ ಇನ್‌ಚಾರ್ಜು ನೀವೇ" ಎಂದು ಬಿಳಿ ಟೋಪಿ, ಸೀಟಿ ತೋರಿಸಿ ಚಾಮರಾಜನಗರಕ್ಕೆ ಹೋದರು. ಗೇಟಿನ ಕುಂಟು ಸ್ಟೂಲಿನ ಮೇಲೆ ಕೂತು ಬೇಸತ್ತಿದ್ದ ನೀಲಕಂಠಸ್ವಾಮಿಗೆ ಆ ಟೋಪಿಯ ಮೇಲೆ ಆಸೆ ಹುಟ್ಟಿಬಿಟ್ಟಿತು.

ಮೀಟರನ್ನು ತಳಕ್ಕೆ ಒತ್ತಿದ. ಹತ್ತೊಂಬತ್ತು. ಪಕ್ಕಕ್ಕೆ ಒತ್ತಿದ. ಅಲ್ಲೂ ಹತ್ತೊಂಬತ್ತು.

"ಐದು ಜಾಸ್ತಿ ಅದೆ. ಒಣಗಿಸ್ಬೇಕು" ಅಂದ. ಮೀಟರಿನ ವಿಷಯದಲ್ಲಿ ತನಗೆ ಪುಸ್ತಕ ಹೇಳಿಕೊಡುವುದೇ? ಅದನ್ನು ಆಗಲೇ ಸ್ಟೂಲಿನ ಕುಂಟು ಕಾಲಿನಡಿ ಒತ್ತು ಕೊಟ್ಟಿದ್ದ.

ಅಡುಗೆಯ ಮರಿಮಲ್ಲಪ್ಪ ಸೌಟು ಹಿಡಿದುಕೊಂಡೇ ಬಂದ. "ಬರೀ ಬಿಸ್ಲು ಸಾಲ್ದು ಕಣ್ಲಾ. ಒಲೆ ಕೆಂಡ ತತ್ತೀನಿ ಇರು."

ದೋಣಿಯನ್ನು ಬೋರಲು ಹಾಕಿ ಅಡಿಯಲ್ಲಿ ಕೆಂಡದ ಬಾಣಲೆ ಇಟ್ಟರು. ಊಟದ ಕೋಣೆಯ ಫ್ಯಾನುಗಳೂ ಬಂದವು. ಅತಿಥಿಗಳು ಬೆವರೊರೆಸಿಕೊಳ್ಳುತ್ತ ಊಟ ಮಾಡಿದರು. ಮೀಟರು ಹದಿನೇಳಕ್ಕೆ ಇಳಿಯಿತು.

ಅಷ್ಟರಲ್ಲಿ ಕಸ ಗುಡಿಸುವ ಮಲ್ಲಾಜಮ್ಮ ದೋಣಿಯ ಮೇಲೆ ನಾಲ್ಕು ಬಿಂದಿಗೆ ನೀರು ಸುರಿದುಬಿಟ್ಟಳು. ಮೀಟರು ಮೂವತ್ತಕ್ಕೆ ಹಾರಿತು.

"ಏನಮ್ಮ ಹಿಂಗ್ ಮಾಡ್ಬುಟ್ಟೆ?"

"ಪೂಜೆ ಮಾಡ್ಬೇಕಲ್ಲ, ತೊಳುದ್ನಪ್ಪ. ಅಲ್ದೆ ಮರ ಬಿಸ್ಲಿಗೆ ಬಿರೀತದೆ. ಬ್ಯಾಸ್ಗೇಲಿ ಗಾಡಿ ಚಕ್ರನ ಕೆರೇಲಿ ನೆನೆ ಆಕಲ್ವಾ?"

"ಇದು ಗಾಡಿ ಅಲ್ಲ, ದೋಣಿ. ನಿಂಗೆ ಮೀಟ್ರು ಗೊತ್ತಾ?"

"ನಂಗೇನ್ ಗೊತ್ತು ಬುಡು" ಎಂದು ಆಕೆ ಪೊರಕೆ ಎತ್ತಿಕೊಂಡು ಹೋದಳು.

ಕೆಂಡ ಎರಡು ಪಟ್ಟಾಯಿತು. ಅತಿಥಿಯೊಬ್ಬರು ಕನಿಕರಪಟ್ಟು ತಲೆ ಒಣಗಿಸುವ ಡ್ರೈಯರು ಕೊಟ್ಟರು. ಸಾಯಂಕಾಲದ ಹೊತ್ತಿಗೆ ಸರಿಯಾಗಿ ಹದಿನಾಲ್ಕು. ನೀಲಕಂಠಸ್ವಾಮಿ ಹಳೇ ಅಭ್ಯಾಸದಂತೆ ಸೀಮೆಸುಣ್ಣದಲ್ಲಿ 'ಪಾಸು' ಎಂದು ಬರೆದ.

ಮಾಲೀಕರು ಬಂದರು, ಪೂಜೆಯಾಯಿತು. ನೀಲಕಂಠಸ್ವಾಮಿ ಟೋಪಿ ಹಾಕಿಕೊಂಡು ದೋಣಿ ಹತ್ತಿ ಸೀಟಿ ಊದಿದ. ಹತ್ತು ಮಾರು ಹೋಗುವಷ್ಟರಲ್ಲಿ ಪಾದ ತಣ್ಣಗಾಯಿತು. ಹಲಗೆಗಳ ಸಂದಿಸಂದಿಯಲ್ಲೂ ನೀರು ನುಗ್ಗಿ ದೋಣಿ ಮುಳುಗಿತು. ಕೊಳ ಎದೆಮಟ್ಟದ್ದೇ ಆದ್ದರಿಂದ ಅವನ ಟೋಪಿ ಮಾತ್ರ ನೆನೆಯದೆ ಉಳಿಯಿತು.

ಮಾಲೀಕರು ಪುಸ್ತಕ ಎಲ್ಲೆಂದು ಕೇಳಿ, ಗೇಟಿನ ಸ್ಟೂಲಿನ ಕೆಳಗಿನಿಂದ ಅದನ್ನು ಎಳೆದು ತಂದು ಓದಿದರು. "ಮರದ ದೋಣಿಗೆ ಹದಿನೆಂಟರಿಂದ ಇಪ್ಪತ್ತು ಇರ್ಬೇಕಂತೆ. ಅದಕ್ಕಿಂತ ಒಣಗಿದ್ರೆ ಹಲಗೆ ಕುಗ್ಗಿ ಸಂದಿ ಬಿಡುತ್ತಂತೆ. ಬೆಳಗ್ಗೆ ಎಷ್ಟಿತ್ತು ಸ್ವಾಮಿ?"

"ಹತ್ತೊಂಬತ್ತು ಸಾ" ಅಂದ ನೀಲಕಂಠಸ್ವಾಮಿ, ಕೊಳದೊಳಗಿನಿಂದಲೇ.

"ಅಲ್ಲೇ ಎರಡು ದಿನ ನೆನೀಲಿ ಬುಡಿ, ಸರೋಯ್ತದೆ" ಅಂದಳು ಮಲ್ಲಾಜಮ್ಮ.

ಮಾಲೀಕರು ಅವಳನ್ನೇ ನೋಡಿದರು. ಆಮೇಲೆ ನೀಲಕಂಠಸ್ವಾಮಿಯ ತಲೆಯಿಂದ ಟೋಪಿ, ಕೊರಳಿಂದ ಸೀಟಿ ತೆಗೆಸಿ ಅವಳ ಕೈಗೆ ಕೊಟ್ಟರು. ಅವಳು ಟೋಪಿಯನ್ನು ತಲೆಯ ಸೆರಗಿನ ಮೇಲೆಯೇ ಇಟ್ಟುಕೊಂಡು ಸೀಟಿಯನ್ನೂ ಒಮ್ಮೆ ಊದಿ ನೋಡಿದಳು.

ನೀಲಕಂಠಸ್ವಾಮಿ ಬಟ್ಟೆ ಹಿಂಡಿಕೊಂಡು ಗೇಟಿಗೆ ಬಂದ. ಮರಿಮಲ್ಲಪ್ಪ ಬಿಸಿ ಟೀ ತಂದುಕೊಟ್ಟ. ಒಂದು ಗುಟುಕು ಕುಡಿದ ಮೇಲೆ, ಹೋಗಲಿ, ಇಲ್ಲಿಯಾದರೂ ಒಣಗಿರಬಹುದು ಎಂದು ಸಮಾಧಾನ ಮಾಡಿಕೊಂಡು ಸ್ಟೂಲಿನ ಮೇಲೆ ಕೂತ. ಅದರ ಕಾಲಡಿಯ ಪುಸ್ತಕ ಇನ್ನೂ ಮಾಲೀಕರ ಕೈಯಲ್ಲಿತ್ತು. ಸ್ಟೂಲು ವಾಲಿ, ಟೀ ಮಡಿಲಿಗೆ ಬಿತ್ತು.