ಕೌದಿಗೆ ಹೋದ ಕಾಫಿ ಬಣ್ಣದ ಪ್ಯಾಂಟು

ಕೆಲಸಕ್ಕೆ ಬಾರದ್ದರ ಮೇಲೇ ನನ್ನ ಕಣ್ಣು ಮೊದಲು ಹೋಗಿ ಕೂರುತ್ತದೆ. ಆಟೋ ನಗರದಲ್ಲಿ ಸ್ಕೂಟರ್ ರಿಪೇರಿಗೆ ಬಿಟ್ಟು, ಲಾರಿಯ ಹಿಂದೆ ಹುಲಿಯ ಚಿತ್ರ ಬರೆಯುವಾತ ಆ ಹುಲಿಗೆ ಮದುಮಗಳ ಹಾಗೆ ಕಾಡಿಗೆ ಹಚ್ಚುವುದನ್ನು ನೋಡುತ್ತ ನಿಂತು, ಸ್ಕೂಟರನ್ನು ಅಲ್ಲೇ ಮರೆತು ನಡೆದು ಬಂದವನು ನಾನು. ಸದಾಶಿವನಗರದಲ್ಲಿ ಒಬ್ಬರು ಕಿಟಕಿಯ ಗ್ರಿಲ್ಲಿನಲ್ಲಿ ನವಿಲು ಮಾಡಿಸಿದ್ದಾರೆ. ಬಾಲಕ್ಕೆ ಜಾಗ ಸಾಲಲಿಲ್ಲವೆಂದು ಉಳಿದ ಗರಿಗಳನ್ನು ಪಕ್ಕದ ಕಿಟಕಿಗೆ ದಾಟಿಸಿದ್ದಾರೆ. ಅದನ್ನು ನೋಡಲೆಂದೇ ಸುತ್ತು ಹಾಕಿ ಆಫೀಸಿಗೆ ಹೋಗುತ್ತಿದ್ದೆ. “ಸಂತಿಗೆ ಕಳಿಸಿದ್ರ ಕಾಯಿಪಲ್ಲೆ ಒಂದ ಬಿಟ್ಟು ಎಲ್ಲಾ ನೋಡಿ ಬರ್ತಾರ” ಎಂದು ನನ್ನ ಹೆಂಡತಿ ನೆರೆಹೊರೆಯಲ್ಲಿ ಹೇಳಿದ್ದು ಸುಳ್ಳಲ್ಲ.

ಆ ವರ್ಷ ಹೆಡ್ ಕ್ಲಾರ್ಕ್ ಹುದ್ದೆಗೆ ನನ್ನನ್ನು ಸಂದರ್ಶನಕ್ಕೆ ಕರೆದರು. ನನ್ನ ಹತ್ತಿರ ಸಾಹೇಬರ ಮುಂದೆ ಕೂರಲು ಯೋಗ್ಯವಾದ ಪ್ಯಾಂಟು ಇದ್ದದ್ದು ಒಂದೇ, ಕಾಫಿ ಬಣ್ಣದ ಟೆರಿಕಾಟ್. ನಾಡಿದ್ದು ಸಂದರ್ಶನ ಎನ್ನುವಾಗ ನೋಡಿದರೆ ಅದು ಮನೆಯಲ್ಲೇ ಇಲ್ಲ. ಹೆಂಡತಿ ಹಳೆಯ ಅರಿವೆಗಳ ಗಂಟು ಕಟ್ಟಿ, ಕೌದಿ ಹೊಲಿಯಲೆಂದು ಖಾನಾಪುರದ ತವರಿಗೆ ಕಳಿಸಿದ್ದಳು. ಅದರೊಳಗೆ ಇದೂ ಸೇರಿತ್ತು. ಮರುದಿನ ರವಿವಾರ. ಬೆಳಗಿನ ಬಸ್ಸು ಹಿಡಿದೆ.

ಹೋದ ಕೂಡಲೇ ಪ್ಯಾಂಟು ಕೊಡಿ ಎನ್ನುವುದು ಹೇಗೆ? ಅಳಿಯ ಬಾಗಿಲಲ್ಲೇ ನಿಂತು ಹಳೆಯ ಬಟ್ಟೆ ವಾಪಸು ಕೇಳಿದ ಎಂದು ಓಣಿ ತುಂಬ ಮಾತಾಗುತ್ತದೆ. “ಬರ್ರಿ, ಕುಂದರ್ರಿ” ಎಂದು ಅತ್ತೆ ಅವಲಕ್ಕಿ, ಚಹಾ ಕೊಟ್ಟರು. ತಿಂದ ಮೇಲೆ ಕೇಳೋಣ ಎಂದುಕೊಂಡೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಹಾಸಿದ್ದ, ಅರ್ಧ ಹೊಲಿದ ಕೌದಿ ಕಣ್ಣಿಗೆ ಬಿತ್ತು. ಮುಗಿಯಿತು ನನ್ನ ಕಥೆ.

ಮಾವನವರ ಧೋತರದ ಅಂಚು, ಇಳಕಲ್ ಸೀರೆಯ ಸೆರಗು, ನನ್ನ ಹೆಂಡತಿ ಸಾಲೆಗೆ ಉಟ್ಟು ಹೋಗುತ್ತಿದ್ದ ಲಂಗ, ಎಲ್ಲವೂ ಜಗಳವಿಲ್ಲದೆ ಅಕ್ಕಪಕ್ಕ ಕೂತಿದ್ದವು. ಒಂದು ಬದಿಗೆ ಅಂಗಿಯ ಕಿಸೆ ಇಡಿಯಾಗಿ, ಗುಂಡಿಯ ಸಮೇತ ಇತ್ತು.

“ಅತ್ತಿ, ಕಿಸೆ ಯಾಕ್ರಿ ಹಂಗ ಇಟ್ಟೀರಿ?”

“ನಿಮ್ಮ ಮಾವನವರು ಮಲಕೊಂಡ ಮ್ಯಾಲೆ ಚಸ್ಮಾ ಎಲ್ಲಿ ಅಂತ ಹುಡುಕ್ತಾರ್ರಿ. ಅದರಾಗ ಇಟ್ಕೊಳ್ಳಲಿ ಅಂತ.”

ನನಗೆ ಎಷ್ಟು ಸಂತೋಷವಾಯಿತೆಂದರೆ ಚಹಾ ಬಿಟ್ಟು ಕೌದಿಯ ಸುತ್ತ ಮಂಡಿಯ ಮೇಲೆ ಹರಿದಾಡತೊಡಗಿದೆ. ಮೂಲೆಯಲ್ಲೊಂದು ಹಳದಿ ಚೌಕ ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು.

“ಈ ಹಳದಿ ಬಾಜೂಕ ಏನರ ಗಾಢ ಬಣ್ಣದ್ದು ಬೇಕ್ರಿ. ಇಲ್ಲಂದ್ರ ಅದು ಒಂಟಿ ಆಗತೈತಿ.”

“ಕಾಫಿ ಬಣ್ಣದ್ದೊಂದು ಐತ್ರಿ. ಅರಿವಿ ಛಲೋ ಐತಿ ಅಂತ ಕತ್ತರಿ ಹಾಕದ ಇಟ್ಟೇನಿ. ಹಾಕ್ಲೇನ್ರಿ?”

“ಹಾಕ್ರಿ ಹಾಕ್ರಿ, ಅದ ಬೇಕಾಗಿತ್ತು” ಎಂದೆ, ಹಳದಿಯಿಂದ ಕಣ್ಣು ಕೀಳದೆ.

ಹಿಂದೆ ಕತ್ತರಿಯ ಸದ್ದಾಯಿತು. ಅತ್ತೆ ತಂದು ಇಟ್ಟ ತುಂಡಿನ ಮೇಲೆ ಇಸ್ತ್ರಿಯ ಗೆರೆ ಇನ್ನೂ ಇತ್ತು.

“ಇದು ನನ್ನ ಪ್ಯಾಂಟ್ರಿ.”

“ಹೌದ್ರಿ, ನಿಮ್ಮದ. ತಪ್ಪಿ ಬಂದೈತಿ, ಸಂಜಿಗೆ ಮಗನ ಕೈಯಾಗ ಕಳಸೂಣು ಅಂತ ತಗದಿಟ್ಟಿದ್ನಿ. ಅಳಿಯಂದ್ರು ಬಾಯಿ ಬಿಟ್ಟು ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಬರತೈತೇನ್ರಿ?”

ಸೋಮವಾರ ನಾನು ಸಾಹೇಬರ ಮುಂದೆ ಕೂತದ್ದು ಹೆಂಡತಿಯ ತಮ್ಮನ ಬೆಲ್ ಬಾಟಮ್ಮಿನಲ್ಲಿ. ಅವರು ನನ್ನ ಮುಖಕ್ಕಿಂತ ಹೆಚ್ಚು ಅದರ ಕಾಲಿನ ಅಗಲವಾದ ಘೇರನ್ನೇ ನೋಡಿದರು. ಹುದ್ದೆ ಬೇರೆಯವರಿಗೆ ಹೋಯಿತು, ಬಹಳ ಬೇಸರವಾಯಿತು. ದೀಪಾವಳಿಗೆ ಅತ್ತೆ ಆ ಕೌದಿಯನ್ನು ಮಾವನವರಿಗೆ ಇಟ್ಟುಕೊಳ್ಳದೆ ನಮ್ಮ ಮನೆಗೇ ಕಳಿಸಿದರು. ಹೆಂಡತಿ ನನಗೆ ಹೊಸ ಪ್ಯಾಂಟು ಹೊಲಿಸಿದಳು, ನೀಲಿಯದು. ಹೊಲಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

“ಅತ್ತಿಯವರು ಇಲ್ಲಿಗೆ ಬಂದು ಕತ್ತರಿ ಹಾಕತಾರೇನು?” ಎಂದೆ.

“ಬೀಗ ನಮ್ಮವ್ವಗಲ್ರಿ, ನಿಮಗ” ಎಂದಳು.

ಕೌದಿಯ ಇನ್ನೊಂದು ಮೂಲೆ ಸ್ವಲ್ಪ ಸಪ್ಪೆಯಾಗಿದೆ, ಅಲ್ಲಿಗೆ ನೀಲಿ ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಆಗಲೇ ಅನಿಸತೊಡಗಿತ್ತು.