ಅತ್ತೆಯ ಖಾಲಿ ಚೀಲ

ನಮ್ಮ ಸೋದರತ್ತೆಯ ಚೀಲವನ್ನು ಕದ್ದ ಕಳ್ಳ, ಸ್ವಲ್ಪ ಹೊತ್ತಿಗೆ ತಾನೇ ಅದನ್ನು ತಂದು ಅವಳ ಪಕ್ಕದಲ್ಲಿಟ್ಟು ಹೋದ! ನಂಬುವವರು ನಂಬಿ, ಬಿಡುವವರು ಬಿಡಿ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಟೀ ಕುಡಿಯಲು ಆಚೆ ತಿರುಗಿದ್ದಳಂತೆ, ಈಚೆ ತಿರುಗಿದರೆ ಚೀಲ ಇಲ್ಲ. ಟೀ ಮುಗಿಯುವುದರೊಳಗೆ ಚೀಲ ಮತ್ತೆ ಬೆಂಚಿನ ಮೇಲಿತ್ತು. ಒಳಗಿದ್ದದ್ದು ಮಡಿಸಿದ ಒಂದು ಸೀರೆ, ಒಂದು ಬಾಚಣಿಗೆ, ಕುಂಕುಮದ ಡಬ್ಬಿ. ಒಂದೂ ಹೋಗಿರಲಿಲ್ಲ.

"ಪಾಪ, ಅವ್ನಿಗೂ ಕರುಳು ಚುರುಕ್ ಅಂದಿರ್ಬೇಕು ಕಣವ್ವ. ಇನ್ನೊಸಿ ಹೊತ್ತು ಕೂತಿದ್ದಿದ್ರೆ ಅವ್ನೇ ಒಂದು ಸೀರೆ ತಂದ್ಕೊಡ್ತಿದ್ನೇನೋ!" ಎಂದು ಅತ್ತೆ ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಇಷ್ಟಕ್ಕೂ ಅವಳು ಹೊರಟಿದ್ದದ್ದು ಒಂದು ವಾರದ ಪ್ರವಾಸಕ್ಕೆ!

ನಮ್ಮತ್ತೆ ಎಂದರೆ ಅಪ್ಪನ ಒಬ್ಬಳೇ ತಂಗಿ. ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ಹುಟ್ಟಿ, ಕೆ.ಆರ್. ಪೇಟೆ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದವಳು. ಮನೆಯಲ್ಲಿ ನಾಲ್ಕು ಹಸು, ಜಗುಲಿಯ ಮೇಲೆ ಒಂದು ಹೊಲಿಗೆ ಮಿಷನ್ನು. ಆ ಮಿಷನ್ನಿನಲ್ಲಿ, ಜೀರ್ಣವಾದ ರೇಷ್ಮೆ ಸೀರೆಯೊಂದರ ಸೆರಗನ್ನು ಕತ್ತರಿಸಿ ಅವಳೇ ಹೊಲಿದುಕೊಂಡ ಚೀಲ ಅದು. ನೇರಳೆ ಬಣ್ಣ, ಬಾಯಿಯ ಸುತ್ತ ಜರಿ. ತುಂಬಿದರೆ ಕೈಚೀಲ, ಮಡಿಸಿದರೆ ಕರ್ಚೀಫು. ಮದುವೆಯೋ, ತೀರ್ಥಯಾತ್ರೆಯೋ, ಆಸ್ಪತ್ರೆಯೋ, ಎಲ್ಲಿಗೆ ಹೋದರೂ ಅದೊಂದೇ. ಆದರೂ ಹೋದ ಕಡೆಯಲ್ಲೆಲ್ಲ ಹೆಂಗಸರು ಅವಳನ್ನೇ ತಿರುತಿರುಗಿ ನೋಡುತ್ತಾರೆ. ಇದು ಹೇಗೆ ಸಾಧ್ಯ ಸ್ವಾಮಿ? ನಾನು ನಾಗಮಂಗಲದಿಂದ ತವರಿಗೆ ಎರಡು ದಿನಕ್ಕೆ ಹೊರಟರೂ ಚಕ್ರದ ಸೂಟ್‌ಕೇಸು ಎಳೆದುಕೊಂಡು ಹೋಗುತ್ತೇನೆ. ಹೋದ ಮೇಲೆ ಹಾಕಿಕೊಳ್ಳಲು ಒಂದೂ ಸರಿಯಾದ ಬಟ್ಟೆ ಇರುವುದಿಲ್ಲ.

"ಊರಿಗೆ ಹೋಗ್ಬೇಕಾದದ್ದು ನೀನು ಕಣ್ ಮಗ, ನಿನ್ನ ಬೀರುವಲ್ಲ" ಎನ್ನುತ್ತಾಳೆ ಅತ್ತೆ.

ಇಂಥವಳ ಅಣ್ಣನಾಗಿ ನಮ್ಮಪ್ಪ ಹುಟ್ಟಿದ್ದು ದೇವರ ತಮಾಷೆಯಲ್ಲದೆ ಬೇರೆ ಅಲ್ಲ. ಅಪ್ಪ ಪಕ್ಕದ ಪಾಂಡವಪುರಕ್ಕೆ ಹೊರಟರೂ ಕಾಶಿಗೆ ಹೊರಟವನ ಹಾಗೆ ಕಾಣುತ್ತಿದ್ದ. ಒಮ್ಮೆ ಎಲ್ಲರೂ ಸೇರಿ ತಿರುಪತಿಗೆ ಹೊರಟೆವು. ಅಪ್ಪನ ಬ್ಯಾಗಿನಲ್ಲಿ ರಾಗಿ ಹಿಟ್ಟು, ಮುದ್ದೆ ಕೋಲು, ಟಾರ್ಚು, ಸೂಜಿ ದಾರ, ದಿಂಬು, ಹುರಿಗಾಳು, ಸಾಲದ್ದಕ್ಕೆ ಸುತ್ತಿಟ್ಟ ಒಂದು ಹಗ್ಗ! ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ವಿಚಾರಣೆಗೆ ನಿಂತಳು.

"ತಿಮ್ಮಪ್ಪನ್ ಬೆಟ್ದಲ್ಲಿ ಯಾರಿಗೆ ಮುದ್ದೆ ತೊಳಸ್ತೀಯ ಅಣ್ಣಯ್ಯ?"

"ಬೇಕಾಯ್ತದೆ ಬುಡು."

"ಈ ಹಗ್ಗ? ಬೆಟ್ಟ ಕಟ್ಟಿ ಎಳೀತೀಯಾ?"

"ಬೇಕಾಯ್ತದೆ ಬುಡು ಅಂದ್ನಲ್ಲ!"

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡು ತಲುಪುವ ಮೊದಲೇ ಭಾರ ತಾಳಲಾರದೆ ಬ್ಯಾಗಿನ ಹೊಲಿಗೆ ಬಿಟ್ಟುಕೊಂಡಿತು. ಮುದ್ದೆ ಕೋಲು ರಸ್ತೆಗೆ ಬಿತ್ತು, ಹಿಂದೆಯೇ ಹಿಟ್ಟು ಸುರಿಯಿತು. ಅಪ್ಪ ಕಿಂಚಿತ್ತೂ ವಿಚಲಿತನಾಗಲಿಲ್ಲ. ಆ ಹಗ್ಗವನ್ನೇ ಬಿಚ್ಚಿ, ಬ್ಯಾಗಿಗೆ ಅಡ್ಡಡ್ಡ ಉದ್ದುದ್ದ ಬಿಗಿದು ಕಟ್ಟಿ, ತಂಗಿಯ ಕಡೆ ತಿರುಗಿ, "ನೋಡ್ದಾ? ಬೇಕಾಯ್ತದೆ ಅಂದಿರ್ಲಿಲ್ವಾ?" ಎಂದ. ಅಂದಿನಿಂದ ಆ ಹಗ್ಗಕ್ಕೆ ನಮ್ಮ ಮನೆಯಲ್ಲಿ ಆದಿಶೇಷನ ಮರ್ಯಾದೆ.

ಅತ್ತೆಯ ಕೈಚಳಕ ನೋಡಬೇಕೆಂದರೆ ಮದುವೆಯ ಮನೆಗೇ ಹೋಗಬೇಕು. ನಾಗಮಂಗಲದ ಛತ್ರವೊಂದರಲ್ಲಿ ನೆಂಟರ ಮದುವೆ. ಸಂಜೆ ಆರತಕ್ಷತೆ, ಬೆಳಿಗ್ಗೆ ಧಾರೆ. ಅತ್ತೆ ಅರಿಶಿನ ಬಣ್ಣದ ರೇಷ್ಮೆ ಸೀರೆಯುಟ್ಟು ಬಂದಿದ್ದಳು, ಕಾಲಿನ ಬಳಿ ಕೆಂಪು ಅಂಚು, ಅದಕ್ಕೊಪ್ಪುವ ಕೆಂಪು ರವಿಕೆ. ಬೆಳಿಗ್ಗೆ ನೋಡಿದರೆ ಹಸಿರು ಅಂಚಿನ ಸೀರೆ, ಹಸಿರು ರವಿಕೆ! ನಾನು ಬೆರಗಾಗಿ ಚೀಲದೊಳಗೆ ಇಣುಕಿದೆ. ಕೆಂಪು ರವಿಕೆಯೊಂದೇ ಮಡಿಸಿ ಕೂತಿತ್ತು, ಸೀರೆ ಇರಲಿಲ್ಲ. ಗುಟ್ಟು ಏನೆಂದರೆ, ಆ ಸೀರೆಯ ಒಂದು ಅಂಚು ಕೆಂಪು, ಇನ್ನೊಂದು ಹಸಿರು; ಒಳಗೂ ಹೊರಗೂ ಒಂದೇ ಥರ ಕಾಣುವ ನೇಯ್ಗೆ. ಸಂಜೆ ಹೀಗೆ ಉಟ್ಟವಳು ಬೆಳಿಗ್ಗೆ ತಲೆಕೆಳಗು ಮಾಡಿ ಉಟ್ಟಿದ್ದಳು, ಅಷ್ಟೇ!

ಅದೇ ಮದುವೆಗೆ ದೂರದ ನೆಂಟರೊಬ್ಬರು ಮೂರು ಸೂಟ್‌ಕೇಸು ತುಂಬ ಸೀರೆ ತಂದಿದ್ದರು. ಛತ್ರದ ರೂಮಿಗೆ ಚಿಲಕ ಇರಲಿಲ್ಲ. ಸೂಟ್‌ಕೇಸು ಕಾಯುತ್ತಾ ಕೂತ ಆ ಮಹಾತಾಯಿಗೆ ಧಾರೆಯೂ ತಪ್ಪಿತು, ಮೊದಲ ಪಂಕ್ತಿಯ ಹೋಳಿಗೆಯೂ ತಪ್ಪಿತು. ಕೊನೆಗೆ ಅತ್ತೆಯ ಹತ್ತಿರ ಬಂದು ಹೊಟ್ಟೆಕಿಚ್ಚಿನಿಂದ ಕೇಳಿದರು: "ಗಳಿಗೆಗೊಂದು ಉಡ್ತೀರಲ್ಲ, ಎಷ್ಟ್ ಸೀರೆ ತಂದಿದ್ದೀರಿ?"

ಅತ್ತೆ ಗಂಭೀರವಾಗಿ, "ಒಂದೂವರೆ" ಎಂದಳು.

ಈ ಶಾಸ್ತ್ರಕ್ಕೆ ಬಲಿಯಾದವರು ಯಾರಾದರೂ ಇದ್ದರೆ ಅದು ನಮ್ಮ ಮಾವ. ಅವರಿಗೆ ಅತ್ತೆಯ ಕಾನೂನಿನ ಪ್ರಕಾರ ಮೈಮೇಲೊಂದು ಶರ್ಟು, ಪಂಚೆ, ಹೆಗಲಿಗೊಂದು ಟವೆಲ್ಲು. ಅದೇ ಛತ್ರದಲ್ಲಿ ಬಡಿಸುವವನ ಕೈ ಜಾರಿ ಮಾವನ ಬಿಳಿ ಶರ್ಟಿನ ಮೇಲೆ ಸಾರಿನ ಅಭಿಷೇಕವಾಯಿತು. ಬದಲಿ ಶರ್ಟು ಎಲ್ಲಿಂದ ಬರಬೇಕು? ಅತ್ತೆ ಅದನ್ನು ಒಗೆದು ಒಣಗಲು ಹಾಕಿದಳು. ಮಾವ ಟವೆಲ್ಲು ಹೊದ್ದು ತೆಂಗಿನ ಮರದ ಕೆಳಗೆ ಕೂತರು. ಯಾರೋ ಅವರನ್ನು ಅಡುಗೆ ಭಟ್ಟರೆಂದುಕೊಂಡು, "ಸ್ವಾಮಿ, ಇನ್ನೊಂದ್ ಪಂಕ್ತಿಗೆ ಅನ್ನ ಸಾಕಾಯ್ತದಾ?" ಎಂದು ಕೇಳಿದರಂತೆ. ನಾನು ಕಂಡಾಗ ಮಾವ ಅಂದದ್ದು ಇಷ್ಟೇ: "ನಿಮ್ಮತ್ತೆ ಜೊತೆ ಊರಿಗೆ ಹೋಗದೂ ಒಂದೇ, ಸನ್ಯಾಸ ತಗಳದೂ ಒಂದೇ ಕಣವ್ವ."

ಅಷ್ಟಕ್ಕೇ ನಮ್ಮತ್ತೆ ಜುಗ್ಗಿ ಎಂದುಕೊಳ್ಳಬೇಡಿ. ಯಾವ ಮನೆಗೆ ಏನು ಬೇಕು ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ನನ್ನ ಹೆರಿಗೆಗೆ ಆಸ್ಪತ್ರೆಗೆ ಬಂದಾಗ ಚೀಲದಲ್ಲಿ ಒಂದು ಹೊದಿಕೆ, ಬಟ್ಟೆ ಒಣಗಿಸುವ ಕ್ಲಿಪ್ಪು, ಮತ್ತೆ ಇಸ್ತ್ರಿ ಮಾಡಿದ ಗುಲಾಬಿ ಬಣ್ಣದ ಒಳ್ಳೆಯ ಸೀರೆ ಇತ್ತು. ನೋವು ತಿಂದು ಸುಸ್ತಾಗಿ ಮಲಗಿದ್ದ ನಾನು, "ಆಸ್ಪತ್ರೆಗೆ ಇಷ್ಟು ಒಳ್ಳೇ ಸೀರೆನಾ ಅತ್ತೆ?" ಎಂದೆ. "ಕಣ್ ಬಿಟ್ರೆ ನಿಂಗೆ ಕಾಣೋದು ನಾನು ತಾನೆ? ನಾನೇ ಕಾಯಿಲೆಯವ್ಳಂಗೆ ಕೂತಿದ್ರೆ ನೀನ್ ಯಾವಾಗ ಎದ್ದೇಳೋದು?" ಎಂದಳು. ಅವಳನ್ನು ನೋಡಿದರೆ ನಿಜವಾಗಿ ಜೀವ ಬಂದಂತಾಗುತ್ತಿತ್ತು. ಇನ್ನು ಸಾವಿನ ಮನೆಗೆ ಹೋಗುವಾಗ ಅವಳ ಚೀಲದಲ್ಲಿ ಕಾಫಿಪುಡಿ, ಸಕ್ಕರೆ ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಅಳುವವರನ್ನು ಸಮಾಧಾನ ಮಾಡುವ ಜನ ಬೇಕಾದಷ್ಟಿರುತ್ತಾರೆ, ಅವಳು ಸೀದಾ ಪಕ್ಕದ ಮನೆಗೆ ಹೋಗಿ ಒಲೆ ಕೇಳಿ ಕಾಫಿ ಕಾಯಿಸಿಕೊಂಡು ಬರುತ್ತಿದ್ದಳು.

ಆದರೆ ತವರಿಗೆ, ಅಂದರೆ ನಮ್ಮ ಮನೆಗೆ ಬರುವಾಗ ಮಾತ್ರ ಆ ಚೀಲದಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಬಾಚಣಿಗೆಯೂ ಇಲ್ಲ! ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿಯುತ್ತಿದ್ದಳು. ಬಂದವಳೇ ಅವ್ವನ ಬೀರು ತೆಗೆದು ಅವ್ವನ ಸೀರೆ ಉಡುವಳು, ಅಪ್ಪನ ಟವೆಲ್ಲಿನಲ್ಲಿ ಮುಖ ಒರೆಸುವಳು, ನನ್ನ ತಮ್ಮನ ಸೋಪು ಸವೆಸುವಳು. ಅಪ್ಪ ರೇಗುತ್ತಿದ್ದ.

"ಬರೋವಾಗ ಗಾಳಿ ತುಂಬ್ಕಂಡ್ ಬತ್ತಾಳೆ, ಹೋಗೋವಾಗ ಅರ್ಧ ಮನೆ ಹೊತ್ಕಂಡ್ ಹೋಯ್ತಾಳೆ!"

"ತವರಿಗೆ ಯಾರಾದ್ರೂ ತುಂಬಿದ್ ಚೀಲ ತತ್ತಾರಾ ಅಣ್ಣಯ್ಯ? ನೋಡ್ದೋರು ಏನಂದಾರು? ಅವ್ಳ ಅಣ್ಣನ ಮನೇಲಿ ಒಂದು ಸೋಪಿಗೂ ಗತಿ ಇಲ್ಲ ಅನ್ನಾಕಿಲ್ವಾ? ನಿನ್ ಮಾನ ಉಳ್ಸಕ್ಕೆ ಬರಿಗೈಲಿ ಬಂದಿದ್ದೀನಿ ಕಣಣ್ಣ."

ಹೊರಡುವ ದಿನ ಅವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ, ರವಿಕೆ ಬಟ್ಟೆ ಹಾಕಿ ಮಡಿಲು ತುಂಬುತ್ತಿದ್ದಳು. ಅದೆಲ್ಲ ಆ ನೇರಳೆ ಚೀಲಕ್ಕೆ ಹೋಗುತ್ತಿತ್ತು. ಆಮೇಲೆ ಅಪ್ಪನ ಸರದಿ. ರೇಗಿದ ಅದೇ ಮನುಷ್ಯ ತೆಂಗಿನಕಾಯಿ, ಅವರೆಕಾಯಿ, ಆಲೆಮನೆಯಿಂದ ತಂದ ಬೆಲ್ಲದ ಅಚ್ಚು ತುರುಕಿ ತುರುಕಿ ಚೀಲದ ಬಾಯಿ ಮುಚ್ಚದಂತೆ ಮಾಡುತ್ತಿದ್ದ. ಕೊನೆಗೆ ಹಗ್ಗ ಬರಲೇಬೇಕು! ಜರಿಯ ಚೀಲಕ್ಕೆ ಹಗ್ಗ ಬಿಗಿದು, ತಾನೇ ಹೊತ್ತು ಬಸ್ಸಿಗೆ ಹತ್ತಿಸಿ ಬರುತ್ತಿದ್ದ. "ನನ್ ಚೀಲದ ಸೊಗಸೆಲ್ಲ ಹಾಳ್ ಮಾಡ್ದೆ ನೀನು" ಎಂದು ಅತ್ತೆ ಕಿಟಕಿಯಿಂದ ಬೈಯುತ್ತಿದ್ದಳು. ಮುಂದಿನ ಸಲ ಬರುವಾಗ ಹಗ್ಗ ಮಾತ್ರ ಮರೆಯದೆ ಮಾವನ ಕೈಯಲ್ಲಿ ಮೊದಲೇ ಕಳಿಸಿರುತ್ತಿದ್ದಳು, ತನ್ನ ಕೈ ಖಾಲಿ ಇರಬೇಕಲ್ಲ!

ಹೋದ ವರ್ಷ ಅಪ್ಪ ತೀರಿಕೊಂಡ. ಹೊಲದಿಂದ ಬಂದು ಜಗುಲಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅತ್ತೆ ಬಂದಳು. ಅವತ್ತು ಅವಳ ಕೈಯಲ್ಲಿ ಚೀಲವೇ ಇರಲಿಲ್ಲ, ಕಾಫಿಪುಡಿಯೂ ಇರಲಿಲ್ಲ. ಉಟ್ಟ ಸೀರೆಗೆ ಹಸುವಿನ ಸಗಣಿ ಅಂಟಿತ್ತು. ನಮ್ಮತ್ತೆಯನ್ನು ಹಾಗೆ ನಾನು ನೋಡಿದ್ದು ಅದೊಂದೇ ಸಲ.

ತಿಥಿ ಕಾರ್ಯವೆಲ್ಲ ಮುಗಿದು ಅವಳು ಊರಿಗೆ ಹೋದ ಮೇಲೆ ಬಹಳ ದಿನ ಈ ಕಡೆ ಬರಲಿಲ್ಲ. ಕರೆದರೆ, ಹಸು ಈಯುತ್ತೆ, ಹೊಲಿಗೆ ಬಾಕಿ ಇದೆ ಅನ್ನುವಳು. "ಅಣ್ಣ ಹೋದ್ಮೇಲೆ ಅವ್ಳಿಗೆ ಈ ಮನೆ ಬೇಡಾಯ್ತೇನೋ" ಎಂದು ಅವ್ವ ನನ್ನ ಹತ್ತಿರ ಕಣ್ಣೊರೆಸಿಕೊಂಡಳು. ಕೊನೆಗೊಂದು ದಿನ ನಾನು ತವರಿನಲ್ಲಿದ್ದಾಗಲೇ ಅತ್ತೆ ಬಂದಳು. ಬಸ್ಸಿಳಿದು ಬರುತ್ತಿದ್ದವಳ ಕಂಕುಳು ಬರಿದು, ಕೈಯಲ್ಲಿ ಚೀಲ. ಆ ಚೀಲ ತುಂಬಿತ್ತು!

ಅವ್ವ ಚೀಲ ತೆಗೆದುಕೊಂಡು ಒಂದೊಂದೇ ಹೊರಗಿಟ್ಟಳು. ಸೀರೆ, ಟವೆಲ್ಲು, ಬಾಚಣಿಗೆ, ಇನ್ನೂ ಕಾಗದ ಬಿಚ್ಚದ ಒಂದು ಸೋಪು.

"ಏನವ್ವಾ ಇದು? ನೆಂಟ್ರ ಮನ್ಗೆ ಬಂದಂಗೆ ಸೋಪು ತಂದಿದ್ದೀಯಲ್ಲ?" ಎಂದಳು ಅವ್ವ.

ಅತ್ತೆ ನೆಲ ನೋಡುತ್ತಾ, "ಅಣ್ಣಯ್ಯ ಇದ್ದಾಗ ಅದು ಬೇರೆ ಅತ್ತಿಗೆ. ಇನ್ಮೇಲೆ ನಿಮ್ಗ್ಯಾಕೆ ತೊಂದ್ರೆ ಅಂತ..." ಎಂದಳು.

ಅವ್ವನ ಕೈ ಚೀಲದ ತಳಕ್ಕೆ ಹೋಯಿತು. ಅಲ್ಲಿಂದ ಬಂದದ್ದು ಅಪ್ಪನ ಹಗ್ಗ. ಕೊನೆಯ ಸಲ ಅಪ್ಪ ಬಿಗಿದು ಕಳಿಸಿದ್ದು, ಅವಳ ಮನೆಯಲ್ಲೇ ಉಳಿದುಹೋಗಿತ್ತು. ಅವ್ವ ಅದನ್ನು ಹಿಡಿದುಕೊಂಡು ಕೇಳಿದಳು: "ಇದ್ಯಾಕೆ ತಂದೆ?"

"ಬೇಕಾಯ್ತದೆ ಬುಡು" ಎಂದಳು ಅತ್ತೆ.

ಥೇಟ್ ಅಪ್ಪನ ದನಿ. ಮೂವರೂ ಒಟ್ಟಿಗೆ ನಕ್ಕೆವು. ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಅವ್ವ ಎದ್ದು ಆ ಸೀರೆ, ಟವೆಲ್ಲು, ಸೋಪನ್ನೆಲ್ಲ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇವು ಇಲ್ಲೇ ಇರ್ಲಿ. ಇನ್ನೊಂದ್ ಸಲ ತುಂಬಿದ್ ಚೀಲ ತಂದ್ರೆ ಬಾಗ್ಲಿಂದ್ಲೇ ವಾಪಸ್ ಕಳಿಸ್ತೀನಿ, ತಿಳ್ಕೊ!"

ಹೊರಡುವ ದಿನ ತಮ್ಮನ ಹೆಂಡತಿ ಮಡಿಲಕ್ಕಿಯ ಮೊರ ತಂದಳು. ಅವ್ವ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು. ಗಂಡನಿಲ್ಲದವಳು ಮಡಿಲು ತುಂಬಬಾರದು ಎಂದು ನಮ್ಮ ಕಡೆ ವಾಡಿಕೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅತ್ತೆ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಒಡ್ಡಿದ್ದು ಮಾತ್ರ ಅಡುಗೆಮನೆಯ ಕಡೆಗೆ.

"ಬಾ ಅತ್ತಿಗೆ."

"ನಾನಾ? ಬ್ಯಾಡ ಕಣವ್ವ, ನಾನ್ ಮಾಡಬಾರ್ದು. ನಿಂಗೆ ಒಳ್ಳೇದಾಗ್ಬೇಕು."

"ನಾನ್ ಮದ್ವೆಯಾಗಿ ಹೋದಾಗ್ಲಿಂದ ನೀನೇ ತುಂಬಿರೋದು, ನಂಗೆ ಒಳ್ಳೇದೇ ಆಗದೆ. ನೀನ್ ಹಾಕ್ದಿದ್ರೆ ನಾನ್ ಏಳಾಕಿಲ್ಲ. ನಮ್ ಹಸುಗಳು ಅರಚ್ಕೊಂಡ್ರೆ ಪಾಪ ನಿಂಗೇ!"

ತಮ್ಮನ ಹೆಂಡತಿ ತಾನಾಗಿಯೇ ಮೊರವನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ಬೊಗಸೆ ತುಂಬ ಅಕ್ಕಿ ತೆಗೆದಳು. ಅರ್ಧ ನೆಲಕ್ಕೆ ಬಿತ್ತು, ಇನ್ನರ್ಧ ಸೆರಗಿಗೆ. ಅತ್ತೆ ನೆಲಕ್ಕೆ ಬಿದ್ದ ಕಾಳುಗಳನ್ನೂ ಬಿಡದೆ ಆರಿಸಿ ಸೆರಗಿಗೆ ಹಾಕಿಕೊಂಡಳು. ಆಮೇಲೆ ತಮ್ಮ ತೆಂಗಿನಕಾಯಿ ತುರುಕಿ, ಅಪ್ಪನಂತೆಯೇ ಕೆಟ್ಟದಾಗಿ ಹಗ್ಗ ಬಿಗಿದು, ಚೀಲ ಹೊತ್ತು ಬಸ್ಸಿಗೆ ಹತ್ತಿಸಿ ಬಂದ.

ಮೊನ್ನೆ ಅತ್ತೆ ಮತ್ತೆ ಬಂದಿದ್ದಳು. ಅವ್ವ ಬೆಳಿಗ್ಗೆಯಿಂದ ಬಾಗಿಲು ಬಿಟ್ಟು ಕದಲಿರಲಿಲ್ಲ. ರಸ್ತೆಯ ತಿರುವಿನಲ್ಲಿ ಅತ್ತೆ ಕಂಡ ಕೂಡಲೇ ಕಣ್ಣಿನ ಮೇಲೆ ಕೈಯಿಟ್ಟು ನೋಡಿದಳು.

"ಏನೂ ತಂದಿಲ್ವಾ?" ಎಂದು ದೂರದಿಂದಲೇ ಕೂಗಿದಳು.

ಅತ್ತೆ ಕಂಕುಳಿಂದ ಆ ನೇರಳೆ ಚೀಲ ತೆಗೆದು, ಮಡಿಕೆ ಬಿಚ್ಚಿ, ತಲೆಕೆಳಗು ಮಾಡಿ ಒದರಿ ತೋರಿಸಿದಳು.

"ಏನೂ ಇಲ್ಲ ಕಣತ್ತಿಗೆ!"

ಅಪ್ಪ ಹೋದ ಮೇಲೆ ಅವ್ವ ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿರಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದುಕೊಂಡು ಬೀರುವಿನ ಕಡೆ ಓಡಿದಳು.