ನಡುಮನೆಯ ಕಂಬಕ್ಕೆ ವಿಭೂತಿ

ಮನುಷ್ಯನಿಗೆ ತಾನು ಕಟ್ಟಿದ ಮನೆಗಿಂತ ತಾನು ಕಟ್ಟದ ಮನೆಯ ಬಗ್ಗೆಯೇ ಜಂಬ ಹೆಚ್ಚು. ತಾನು ಕಟ್ಟಿದ್ದು ಎಲ್ಲಿ ಸೋರುತ್ತದೆಂದು ಅವನಿಗೆ ಗೊತ್ತಿರುತ್ತದಲ್ಲ! ಮುರುಮ ಊರಿನ ನಮ್ಮ ಮನೆ ಕಟ್ಟಿಸಿದವರು ಮುತ್ತಜ್ಜ; ಜಂಬ ಮಾತ್ರ ಪೂರ್ತಿ ನನ್ನದು. ಹದಿನಾರು ಸಾಗವಾನಿ ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ತೊಂಬತ್ತಮೂರರ ಭೂಕಂಪದಲ್ಲಿ ಗೋಡೆ ಬಿದ್ದರೂ ಕಂಬಗಳು ಅಲುಗಲಿಲ್ಲ ಎಂಬ ಕಥೆಯನ್ನು, ಅಯ್ಯನವರ ಮನೆತನದವನಾದ ನಾನು ಪೂಜೆಗೆ ಹೋದಲ್ಲೆಲ್ಲ ಮಂತ್ರಕ್ಕಿಂತ ಸ್ಪಷ್ಟವಾಗಿ ಹೇಳಿದ್ದೇನೆ. ಮೊನ್ನೆ ಮೊಬೈಲಿನಲ್ಲಿ ಇಂಗ್ಲೆಂಡಿನ ರೈತರ ಹಳೆಯ ಮನೆಯೊಂದರ ಚಿತ್ರ ಕಂಡೆ. ಅದರದೂ ಮರದ ಚೌಕಟ್ಟೇ. ಕಂಬ, ತೊಲೆ ಎಲ್ಲ ಹೊರಗಿನಿಂದಲೇ ಕಾಣುತ್ತಿದ್ದವು. “ನೋಡು, ಸಾಹೇಬರೂ ನಮ್ಮಂಗೇ ಕಟ್ಯಾರ,” ಎಂದು ಹೆಂಡತಿ ಗೌರಮ್ಮನಿಗೆ ತೋರಿಸಿದೆ.

“ಅವರ ತಲಿ ಮ್ಯಾಲೂ ಮಣ್ಣು ಅದೇನ್ರೀ?” ಎಂದಳು. ನೋಡಿದೆ, ಹೆಂಚಿತ್ತು. ಮೊಬೈಲನ್ನು ಜೇಬಿಗಿಟ್ಟೆ.

ಗೌರಮ್ಮ ಈ ಮನೆಗೆ ಬಂದಾಗಿನಿಂದ ಮಳೆಯಿಲ್ಲದ ದಿನವೆಲ್ಲ ಅಂಗಳದಲ್ಲೇ ಮಲಗುತ್ತಾಳೆ. ಭೂಕಂಪದಲ್ಲಿ ಅವಳ ತಾಯಿ ಮಾಳಿಗೆಯ ಮಣ್ಣಿನಡಿ ಸಿಕ್ಕು ಸತ್ತದ್ದು ನನಗೆ ಗೊತ್ತು. ಗೊತ್ತಿದ್ದೂ ನಗುತ್ತಿದ್ದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ನಮ್ಮಲ್ಲಿ ಪದ್ಧತಿ. ಹಳೆಯದನ್ನು ತೆಗೆಸುವುದು ಮಾತ್ರ ಯಾರ ಪದ್ಧತಿಯೂ ಅಲ್ಲ. ಹಾಗೆಯೇ ಪ್ರತಿ ಸೋಮವಾರ ನಡುಮನೆಯ ಕಂಬಕ್ಕೆ ವಿಭೂತಿ ಹಚ್ಚುತ್ತಿದ್ದೆ. ಅದರಲ್ಲೊಂದು ಸಣ್ಣ ಸೀಳಿತ್ತು. ನೋಡಲು ಚೆನ್ನಾಗಿರಲೆಂದು ವಿಭೂತಿ ಕಲಸಿ ಅದರೊಳಗೂ ತುಂಬುತ್ತಿದ್ದೆ. ವರ್ಷದಿಂದ ವರ್ಷಕ್ಕೆ ವಿಭೂತಿ ಹೆಚ್ಚು ಹಿಡಿಯತೊಡಗಿತು. ನನ್ನ ಭಕ್ತಿ ಹೆಚ್ಚುತ್ತಿದೆ ಎಂದುಕೊಂಡೆ.

ಈ ಸಲ ಮಣ್ಣು ಹಾಕಿಸುವ ಮೊದಲು ಗೌರಮ್ಮ ನನ್ನನ್ನು ಕೇಳದೆ ಬಡಿಗೇರ ಮಾನಪ್ಪನನ್ನು ಕರೆಸಿದಳು. ಅವನು ಉಳಿಯಿಂದ ವಿಭೂತಿ ಕೆರೆದು ಬೆರಳಿಟ್ಟ. ಬೆರಳು ಪೂರ್ತಿ ಒಳಗೆ ಹೋಯಿತು.

“ಸ್ವಾಮೇರ, ಗೆದ್ದಲ ತಿಂದು ಒಳಗೆಲ್ಲಾ ಪೋಕಳ ಆಗ್ಯಾದ. ಮ್ಯಾಲ ನೋಡಿದ್ರ ಮೊಣಕಾಲ ಮಟ ಮಣ್ಣು. ಇನ್ನ ನಾಕು ಬುಟ್ಟಿ ಹಾಕಿದ್ರ ನಿಮಗ ಬಡಿಗ್ಯಾನ ಕೆಲಸೇ ಇರ್ತಿದ್ದಿಲ್ಲ,” ಎಂದ.

ಬೆರಳು ಒಳಗೆ ಹೋದದ್ದನ್ನು ನಾನೂ ಕಂಡಿದ್ದೆ. ಆದರೆ ಹಾಳು ಜಂಬ ಎಲ್ಲಿ ಹೋಗುತ್ತದೆ? “ಭೂಕಂಪಕ್ಕೇ ಅಲುಗದ ಮನಿ ಇದು. ಗಟ್ಟಿ ಅದ ಬಿಡು,” ಎಂದು ನಕ್ಕೆ.

ಗೌರಮ್ಮ ಸಿಟ್ಟಾಗಲಿಲ್ಲ. “ಭೂಕಂಪಕ್ಕಿಂತ ಮೊದಲೇ ನೆಲ ಆಗಾಗ ನಡಗ್ತಿತ್ತು. ಹೊರಗ ಮಲಗೂಣು ಅಂದ್ಲು ನಮ್ಮವ್ವ. ಮನಿ ಗಟ್ಟಿ ಅದ ಅಂತ ನಮ್ಮಪ್ಪಾನೂ ಹಿಂಗೇ ನಕ್ಕ. ಆಕಿ ಪಾಪ, ಅಂವನ ಮಾತು ಕೇಳಿದ್ಲು,” ಎಂದಳು.

ಅವತ್ತೇ ಮಣ್ಣು ಇಳಿಸಲು ಆಳು ಹಚ್ಚಿದೆ. ಈಗ ನನ್ನ ಮಂಚವೂ ಅಂಗಳದಲ್ಲಿದೆ. ಓಣಿಯವರು ಯಾಕೆಂದು ಕೇಳಿದರೆ, “ಒಳಗ ಭಾಳ ಸೆಕಿ,” ಎನ್ನುತ್ತೇನೆ. ಗೌರಮ್ಮ ಪಕ್ಕದಲ್ಲೇ ಇರುತ್ತಾಳೆ; ಇದುವರೆಗೆ ಒಂದು ಸಲವೂ ನನ್ನ ಮಾತನ್ನು ತಿದ್ದಿಲ್ಲ.